‘ಹಳೆಯ ಒಡಂಬಡಿಕೆ’ಯಲ್ಲಿನ ‘ಹಳೆಯ’: ಮೊದಲಿನದೋ, ರದ್ದಾದದ್ದೋ?

ಮಾನ್ಯರೇ,

ಕ್ರೈಸ್ತರಿಗೂ ಯೆಹೂದ್ಯರಿಗೂ ಇರುವ ನಂಟನ್ನು ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿರುವಾಗ, ಬೈಬಲಿನ ಮೊದಲ ಭಾಗವಾದ ‘ಹಳೆಯ ಒಡಂಬಡಿಕೆ’ಯ ಹೆಸರಿನಲ್ಲಿ ಚಿಕ್ಕಂದಿನಿಂದ ಕೇಳಿ ಬಲ್ಲ ‘ಒಡಂಬಡಿಕೆ’ ಎಂಬ ಪದವೇ ನನ್ನನ್ನು ತಡೆದು ನಿಲ್ಲಿಸಿತು.

ಒಡಂಬಡು ಎಂದರೆ ಒಪ್ಪು, ಸಮ್ಮತಿಸು. ಎಂದಮೇಲೆ ಒಡಂಬಡಿಕೆಗೆ ಇಬ್ಬರು ಬೇಕು. ಸೀನಾಯಿ ಬೆಟ್ಟದ ಬುಡದಲ್ಲಿ ಜನರು ದೇವರ ಮಾತನ್ನೆಲ್ಲ ನಡೆಸುತ್ತೇವೆಂದು ಒಕ್ಕೊರಲಿನಿಂದ ಒಪ್ಪುವುದರಿಂದ ಅಲ್ಲಿ ಈ ಪದ ಸಲೀಸಾಗಿ ಕೂರುತ್ತದೆ. ಆದರೆ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 15ನೆಯ ಅಧ್ಯಾಯದಲ್ಲಿ, ದೇವರು ಅಬ್ರಾಮನೊಡನೆ ಒಡಂಬಡಿಕೆ ಮಾಡುವಾಗ, ಕಡಿದಿಟ್ಟ ಪಶುಗಳ ಹೋಳುಗಳ ನಡುವೆ ಹೊಗೆಯಾಡುವ ಒಲೆಯೂ ಉರಿಯುವ ಪಂಜೂ ಹಾದುಹೋಗುತ್ತವೆ; ಅಬ್ರಾಮನಿಗೋ ಗಾಢನಿದ್ರೆ. ಅವನು ಆ ಹೋಳುಗಳ ನಡುವೆ ನಡೆಯುವುದೇ ಇಲ್ಲ. (ಒಡಂಬಡಿಕೆಗೆ ಹೀಬ್ರೂವಿನಲ್ಲಿರುವ ಪದ ‘ಬೆರೀತ್’. ಅದನ್ನು ‘ಕಡಿಯುತ್ತಾರೆ’ ಎಂಬ ನುಡಿಗಟ್ಟೇ ಅಲ್ಲಿದೆ.) ಇದು ಒಪ್ಪಂದಕ್ಕಿಂತ ದೇವರೊಬ್ಬನೇ ಕೊಟ್ಟ ಭಾಷೆಗೆ ಹತ್ತಿರ. ಹೀಬ್ರೂ ಗ್ರಂಥವನ್ನು ಗ್ರೀಕಿಗೆ ತಂದವರು ಸರಿಸಮಾನರ ಕರಾರನ್ನು ಸೂಚಿಸುವ ‘ಸಿಂಥೇಕೆ’ಯನ್ನು ಬಿಟ್ಟು, ಉಯಿಲು ಎಂಬ ಅರ್ಥವೂ ಇರುವ ‘ದಿಯಾಥೇಕೆ’ಯನ್ನು ಆರಿಸಿದ್ದು ಇದಕ್ಕಾಗಿಯೇ ಇರಬೇಕು.

ನನ್ನ ಹೆಚ್ಚಿನ ತೊಡಕಿರುವುದು ‘ಹಳೆಯ’ ಎಂಬಲ್ಲಿ. ಹಳೆಗನ್ನಡ ಹಳೆಯದಾದರೂ ಅದನ್ನು ಯಾರೂ ರದ್ದು ಮಾಡಿಲ್ಲ. ಹಳೆ ನೋಟು ಎಂದರೆ 2016ರ ಬಳಿಕ ಅಂಗಡಿಯಲ್ಲಿ ಚಲಾವಣೆಯಾಗದ ಕಾಗದ. ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯಲ್ಲಿನ ಇಬ್ರಿಯರಿಗೆ ಬರೆದ ಪತ್ರದ 8:13 ಹಳೆ ನೋಟಿನ ಕಡೆಗೆ ವಾಲುತ್ತದೆ, ಏಕೆಂದರೆ ಹಳೆಯದಾದದ್ದು ಅಳಿದುಹೋಗುವ ಹಂತದಲ್ಲಿದೆ ಎಂದು ಅದು ಹೇಳುತ್ತದೆ. ರೋಮಾಪುರದವರಿಗೆ ಬರೆದ ಪತ್ರದ 11ನೆಯ ಅಧ್ಯಾಯದಲ್ಲಿ ಪೌಲನಾದರೋ, ಅನ್ಯಜನರಿಂದ ಬಂದ ವಿಶ್ವಾಸಿಗಳನ್ನು ಊರ ಎಣ್ಣೆಮರಕ್ಕೆ (ಆಲಿವ್ ಮರಕ್ಕೆ) ಕಸಿ ಕಟ್ಟಿದ ಕಾಡು ಕೊಂಬೆಗಳೆಂದು ಕರೆದು, ಬೇರನ್ನು ಹೊತ್ತವರು ನೀವಲ್ಲ, ಬೇರೇ ನಿಮ್ಮನ್ನು ಹೊತ್ತಿದೆ ಎಂದು ಎಚ್ಚರಿಸುತ್ತಾನೆ. 1965ರ ಅಕ್ಟೋಬರ್ 28ರಂದು ಹೊರಬಂದ ಕಥೋಲಿಕ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆಯ ‘ನೋಸ್ತ್ರಾ ಎತಾತೆ’ ಘೋಷಣೆ ಈ ಮರವನ್ನೇ ನೆನೆಯಿತು. 1980ರಲ್ಲಿ ಜರ್ಮನಿಯ ಮೈಂಜ಼್ ನಗರದಲ್ಲಿ ಯೆಹೂದಿ ಪ್ರತಿನಿಧಿಗಳೆದುರು ಪೋಪ್ ಎರಡನೆಯ ಜಾನ್ ಪಾಲ್, ದೇವರು ಎಂದೂ ಹಿಂತೆಗೆದುಕೊಳ್ಳದ ಹಳೆಯ ಒಡಂಬಡಿಕೆ ಎಂದರು. ಯೆಹೂದ್ಯರಿಗಂತೂ ಅದು ಹಳೆಯದೇ ಅಲ್ಲ. ಅವರ ಗ್ರಂಥದ ಹೆಸರು ತನಾಖ್.

‘ಹೊಸ ಒಡಂಬಡಿಕೆ’ ಎಂಬ ಮಾತೂ ಹಳೆಯ ಒಡಂಬಡಿಕೆಯಲ್ಲೇ ಇರುವ ಪ್ರವಾದಿ ಯೆರೆಮೀಯನ ಗ್ರಂಥದ 31:31ರದು, ಮತ್ತು ಅಲ್ಲಿ ಅದು ಇಸ್ರಾಯೇಲ್ ಹಾಗೂ ಯೆಹೂದ ಮನೆತನಗಳೊಡನೆ ಮಾಡುವಂಥದು. ಅದಾದ ನಾಲ್ಕೈದು ವಚನಗಳಲ್ಲೇ, ಸೂರ್ಯಚಂದ್ರರ ಕಟ್ಟಳೆ ಅಳಿದರೆ ಮಾತ್ರ ಇಸ್ರಾಯೇಲಿನ ಸಂತತಿ ಅಳಿದೀತು ಎಂಬ ಮಾತು ಬರುತ್ತದೆ. ಇದನ್ನು ಓದಿದಾಗ ನಮ್ಮ ದತ್ತಿಶಾಸನಗಳ ‘ಆಚಂದ್ರಾರ್ಕ’ (ಸೂರ್ಯಚಂದ್ರರಿರುವವರೆಗೆ) ನನಗೆ ಥಟ್ಟನೆ ನೆನಪಾಯಿತು.

ಗ್ರಂಥಭಾಗದ ಹೆಸರಾಗಿ ‘ಹಳೆಯ ಒಡಂಬಡಿಕೆ’ಯನ್ನು ಹಾಗೆಯೇ ಉಳಿಸಿ, ಯೆಹೂದ್ಯರೊಡನೆ ಇರುವ ನಂಟಿನ ಮಾತು ಬಂದಲ್ಲಿ ‘ಮೊದಲ ಒಡಂಬಡಿಕೆ’ ಎನ್ನೋಣವೆಂದುಕೊಂಡಿದ್ದೇನೆ. ಆದರೆ ಇಬ್ರಿಯರ ಪತ್ರ ‘ಮೊದಲಿನದು’ ಎಂಬ ಪದವನ್ನೂ ಅದೇ ವಚನದಲ್ಲಿ ಬಳಸಿರುವುದರಿಂದ ತೊಡಕು ಪೂರ್ತಿ ಬಿಡಿಸಿದಂತಾಗುವುದಿಲ್ಲ. ಇಸ್ರಾಯೇಲಿನ ಸ್ಥಾನಕ್ಕೆ ಕ್ರೈಸ್ತಸಭೆಯೇ ಬಂದು ಕೂತಿತೆಂಬ ಸಿದ್ಧಾಂತಕ್ಕೆ ‘ಬದಲಿವಾದ’ ಎಂದರೆ ಹಗುರಾಗುತ್ತದೆಯೇ? ಮಂಗಳೂರು, ಬಳ್ಳಾರಿ ಕಡೆಯ ಸಭೆಗಳ ಹಿರಿಯರ ಬಾಯಲ್ಲಿ ‘ಬೆರೀತ್’ಗೆ ಒಡಂಬಡಿಕೆಯಲ್ಲದೆ ಬೇರೆ ಮಾತೇನಾದರೂ ಬಳಕೆಯಲ್ಲಿದ್ದರೆ, ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.