ಕಿವಿ ಡ್ರಾಪ್ಸ್‌ನಲ್ಲಿ ನುಸಿಗುಳಿಗೆ ವಾಸನೆ ಯಾಕೆ?

ಪ್ರಶ್ನೆ (ಕುಮಟಾ): ಡಾಕ್ಟ್ರೇ, ನಮ್ಮ ಆಯಿಗೆ ಬಲಗಿವಿ ಕೇಳಿಸುವುದು ಕಡಿಮೆಯಾಗಿದೆ. ಗುಗ್ಗೆ ಗಟ್ಟಿಯಾಗಿದೆ ಅಂತ ಇಲ್ಲಿನ ಡಾಕ್ಟರು ಡ್ರಾಪ್ಸ್ ಬರೆದುಕೊಟ್ಟಿದ್ದಾರೆ. ಬಾಟಲಿ ಮೇಲೆ ಪ್ಯಾರಾಡೈಕ್ಲೋರೋಬೆಂಜೀನ್ ಅಂತಿದೆ. ಮೂಸಿದರೆ ಥೇಟ್ ನುಸಿಗುಳಿಗೆ! ಮೊಬೈಲಿನಲ್ಲಿ ನೋಡಿದರೆ ಮೂತ್ರಿಗೆ ಹಾಕುವ ಗುಳಿಗೆಯಲ್ಲೂ ಇದೇ ಇರುತ್ತದಂತೆ, ಕ್ಯಾನ್ಸರ್ ಅಂತಲೂ ಬರೆದಿದ್ದಾರೆ. ಕಿವಿಗೆ ಹಾಕಬಹುದಾ?

ಉತ್ತರ (ಕಿವಿ-ಮೂಗು-ಗಂಟಲು ವೈದ್ಯರು, ಶಿರಸಿ): ನಿಮ್ಮ ಮೂಗಿಗೆ ಗೊತ್ತಾದದ್ದು ಸರಿ, ಅದೇ ವಸ್ತು. ನುಸಿಗುಳಿಗೆಯನ್ನು ನ್ಯಾಫ್ತಲೀನಿನಿಂದಲೂ ಮಾಡುತ್ತಾರೆ, ಇದರಿಂದಲೂ ಮಾಡುತ್ತಾರೆ. ಆದರೆ ಪ್ರಮಾಣ ನೋಡಿ. ಈ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಇದು ಶೇ. 2 ಮಾತ್ರ, ಅಂದರೆ ಒಂದು ಹನಿಗೆ ಸುಮಾರು 1 ಮಿಲಿಗ್ರಾಂ. ನುಸಿಗುಳಿಗೆಯದ್ದು ಗ್ರಾಂ ಲೆಕ್ಕ. ಇಲಿಗಳಿಗೆ ತುಂಬಾ ದಿನ, ಜಾಸ್ತಿ ಪ್ರಮಾಣದಲ್ಲಿ ಕೊಟ್ಟಾಗ ಗಡ್ಡೆ ಬಂದದ್ದರಿಂದ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಗೆ ಇದು ಸೇರಿತು. ನಾಲ್ಕೈದು ದಿನ ಕಿವಿಗೆ ಹನಿ ಹಾಕುವವರು ಅದಕ್ಕೆ ಹೆದರಬೇಕಿಲ್ಲ.

ಅದರಲ್ಲಿ ಇದೊಂದೇ ಅಲ್ಲ. ಟರ್ಪೆಂಟೈನ್ ಎಣ್ಣೆ ಶೇ. 15 ಇರುತ್ತದೆ, ಗುಗ್ಗೆ ಮೆತ್ತಗಾಗಲು ಅದೂ ಬೇಕು. ಬೆಂಜೊಕೇನ್ ನೋವಿಗೆ, ಕ್ಲೋರ್‌ಬ್ಯುಟಾಲ್ ಕ್ರಿಮಿ ಬೆಳೆಯದಂತೆ ತಡೆಯಲು.

ನಾನು ಕೇಳುವುದು ಬೇರೆ: ತಮಟೆಯಲ್ಲಿ ತೂತು ಇದೆಯಾ? ಆಯಿಗೆ ಹಿಂದೆ ಯಾವಾಗಲಾದರೂ ಕಿವಿ ಸೋರಿತ್ತಾ, ಆಪರೇಷನ್ ಆಗಿತ್ತಾ? ಆಗಿದ್ದರೆ ಹಾಕಲೇಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಮೊದಲು ಹೇಳಿ, ಯಾಕೆಂದರೆ ತೂತಿನಿಂದ ಈ ಎಣ್ಣೆ ಒಳಗಿವಿಯ ಕಡೆ ಇಳಿದರೆ ಉರಿ, ತಲೆಸುತ್ತು ಮಾತ್ರ ಅಲ್ಲ, ಇದ್ದ ಶ್ರವಣಕ್ಕೂ ಪೆಟ್ಟು ಬೀಳಬಹುದು.

ಪ್ರಶ್ನೆ (ಕುಮಟಾ): ಇಲ್ಲ ಡಾಕ್ಟ್ರೇ, ಕಿವಿ ಯಾವತ್ತೂ ಸೋರಿಲ್ಲ. ಆದರೆ ನಿನ್ನೆ ಹಾಕಿದ ಮೇಲೆ ಇನ್ನೂ ಮುಚ್ಚಿಹೋದ ಹಾಗಿದೆ ಅಂತಾರೆ.

ಉತ್ತರ: ಅದು ಆಗುವುದೇ. ಗುಗ್ಗೆ ನೆನೆದು ಉಬ್ಬುತ್ತದೆ. ಬಾಟಲಿಯನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದು ಬೆಚ್ಚಗೆ ಮಾಡಿ ಹಾಕಿ, ತಣ್ಣಗಿದ್ದರೆ ತಲೆ ತಿರುಗುತ್ತದೆ. ಹೇಳಿದಷ್ಟು ದಿನ ಹಾಕಿ, ಆಮೇಲೆ ಪಿಚಕಾರಿಯಲ್ಲಿ ತೊಳೆಸಿ. ಕಡ್ಡಿ, ಪಿನ್ನು, ಬಡ್ಸ್ ಏನೂ ಬೇಡ. ನೋವು ಜಾಸ್ತಿಯಾದರೆ, ಸುತ್ತಲಿನ ಚರ್ಮ ಕೆಂಪಾದರೆ ಅಲ್ಲಿಗೇ ನಿಲ್ಲಿಸಿ. ಮನೆಯಲ್ಲಿ ಮಕ್ಕಳಿದ್ದರೆ ಬಾಟಲಿ ಕೈಗೆ ಸಿಗದ ಹಾಗೆ ಇಡಿ, ಟರ್ಪೆಂಟೈನ್ ಕುಡಿದರೆ ಅಪಾಯ.

ಪ್ರಶ್ನೆ (ಅಂಕೋಲಾ): ನಡುವೆ ಬಂದೆ, ಬೇಜಾರಾಗಬೇಡಿ. ಮಳೆಗಾಲದಲ್ಲಿ ನನಗೂ ಕಿವಿ ಕಟ್ಟುತ್ತದೆ, ತುಂಬಾ ತುರಿಸುತ್ತದೆ. ಬಿಸಿ ಕೊಬ್ಬರಿ ಎಣ್ಣೆ ಬಿಡುತ್ತೇನೆ. ಇದೇ ಡ್ರಾಪ್ಸ್ ತಗೊಳ್ಳಲಾ?

ಉತ್ತರ: ಬೇಡ. ನಿಮ್ಮದು ಗುಗ್ಗೆ ಅಲ್ಲದಿರಬಹುದು. ಕರಾವಳಿಯ ಮಳೆಗಾಲದಲ್ಲಿ ಕಿವಿಯೊಳಗೆ ಬೂಸ್ಟು ಬೆಳೆಯುವುದು ಬಹಳ ಕಂಡಿದ್ದೇನೆ, ತುರಿಕೆ ಅದರದೇ ಲಕ್ಷಣ. ಅದಕ್ಕೆ ಕಿವಿ ಸ್ವಚ್ಛ ಮಾಡಿಸಿ ಕ್ಲೋಟ್ರಿಮಜೋಲ್‌ನಂಥ ಬೇರೆ ಔಷಧ ಹಾಕಬೇಕು. ಎಣ್ಣೆ ಹಾಕುವುದನ್ನು ಇವತ್ತೇ ನಿಲ್ಲಿಸಿ, ಕಿವಿಯೊಳಗೆ ಪಸೆ ಉಳಿದಷ್ಟೂ ಬೂಸ್ಟು ಜಾಸ್ತಿ. ಯಾರಿಗಾದರೂ ತೋರಿಸಿ, ಅಲ್ಲಿಯವರೆಗೆ ಸ್ನಾನ ಮಾಡುವಾಗ ಹತ್ತಿಗೆ ಸ್ವಲ್ಪ ವ್ಯಾಸಲೀನ್ ಸವರಿ ಕಿವಿಗೆ ಇಟ್ಟುಕೊಳ್ಳಿ.