ವಿಷಯ: ‘ಕಮಿಷನ್ ಕೊಂಡ’ – ಫಲಕಕ್ಕೆ ಏನು ಬರೆಯಲಿ? (ತುರ್ತು)

ಎಲ್ಲರಿಗೂ ನಮಸ್ಕಾರ. ಶ್ರೀರಂಗಪಟ್ಟಣದ ಬಗ್ಗೆ ಒಂದು ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಆರ್ಥರ್ ವೆಲ್ಲೆಸ್ಲಿ (ಮುಂದೆ ವೆಲಿಂಗ್ಟನ್ ಡ್ಯೂಕ್ ಆದವನು) 1793ರಲ್ಲಿ ಅಣ್ಣ ರಿಚರ್ಡ್ ಹತ್ತಿರ ಸಾಲ ಮಾಡಿ ಬ್ರಿಟಿಷ್ ಸೈನ್ಯದ 33ನೇ ರೆಜಿಮೆಂಟಿನಲ್ಲಿ ಮೇಜರ್ ಆದ, ಅದೇ ವರ್ಷ ಲೆಫ್ಟಿನೆಂಟ್ ಕರ್ನಲ್ ಆದ. ಹೀಗೆ ಹಣ ಕೊಟ್ಟು ಸೈನ್ಯಾಧಿಕಾರಿಯ ಹುದ್ದೆ (ಇಂಗ್ಲಿಷಿನಲ್ಲಿ ಕಮಿಷನ್) ಪಡೆದದ್ದಕ್ಕೆ ‘ಕಮಿಷನ್ ಖರೀದಿಸಿದ’ ಅಂತ ಬರೆದೆ. ಓದಿದವರೆಲ್ಲ ಲಂಚ ಅಂತಲೇ ತಿಳಿದರು. ಲಂಚ ಅಲ್ಲ, ಸರ್ಕಾರವೇ ಬೆಲೆ ಕಟ್ಟಿದ್ದ ಪದ್ಧತಿ. ಜೊತೆಗೆ ಕರ್ನಲ್, ಜನರಲ್ ಇವನ್ನೂ ಕನ್ನಡ ಮಾಡಬೇಕಾ?

ಉತ್ತರ, ಧಾರವಾಡದಿಂದ:
ಮಾಡಲೇಬೇಕು. ಹೊಯ್ಸಳರ ಶಾಸನಗಳಲ್ಲಿ ದಣ್ಣಾಯಕ (ಸೇನಾಪತಿ) ಇದ್ದಾನೆ. ಮೈಸೂರಿನಲ್ಲಿ ದಳವಾಯಿ ಇದ್ದ. ಬೆಂಗಳೂರಿನಲ್ಲಿ ಇವತ್ತಿಗೂ ದಂಡು ರೈಲು ನಿಲ್ದಾಣ ಇದೆ. ಇಷ್ಟು ಇಟ್ಟುಕೊಂಡು ಕರ್ನಲ್ ಯಾಕೆ? ಅದು ಇಟಲಿಯ ‘ಕೊಲೊನ್ನಾ’ ಅಂದರೆ ಕಂಬ ಅನ್ನೋ ಮಾತಿನಿಂದ ಬಂದದ್ದು. ಮಾರ್ಷಲ್ ಅಂದರೆ ಮೂಲದಲ್ಲಿ ಕುದುರೆ ನೋಡಿಕೊಳ್ಳೋ ಆಳು. ಅದಕ್ಕಿಂತ ‘ಮಹಾದಣ್ಣಾಯಕ’ ಸಾವಿರ ಪಾಲು ಮೇಲು.

ಉತ್ತರ, ಮೈಸೂರಿನಿಂದ:
ಒಪ್ಪೋದಿಲ್ಲ. ದಂಡ, ದಳ ಎರಡೂ ಸಂಸ್ಕೃತ. ಅವೂ ಎರವಲು ಪದಗಳೇ ಅಲ್ವಾ?

ದರ್ಜೆಗಳನ್ನು ಮುಟ್ಟಬೇಡಿ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಬ್ರಿಟಿಷ್ ಪಡೆಯ ಮುಂದಾಳು ಮೇಜರ್ ಜನರಲ್ ಬೇರ್ಡ್. ಎರಡೇ ದಿನಕ್ಕೆ ಪಟ್ಟಣದ ಆಡಳಿತ ಕೈಗೆ ಬಂದದ್ದು ಕರ್ನಲ್ ವೆಲ್ಲೆಸ್ಲಿಗೆ. ಆಗ ಅವನ ಅಣ್ಣನೇ ಗವರ್ನರ್ ಜನರಲ್. ತನಗಿಂತ ಕೆಳಗಿನವನಿಗೆ ಕೊಟ್ಟರು ಅಂತ ಬೇರ್ಡ್ ಕುದಿಯುತ್ತಿದ್ದ. ಇಬ್ಬರನ್ನೂ ದಣ್ಣಾಯಕ ಮಾಡಿದರೆ ಆ ಸಿಟ್ಟಿಗೆ ಅರ್ಥವೇ ಇರೋದಿಲ್ಲ. ದಳವಾಯಿ ಅಂತೂ ಬೇಡವೇ ಬೇಡ. ಮೈಸೂರಿನ ದಳವಾಯಿಗಳು ಅರಸರನ್ನೇ ಮೂಲೆಗೆ ಕೂರಿಸಿದವರು. ಅದು ಬರೀ ಸೈನ್ಯದ ಹುದ್ದೆ ಅಲ್ಲ. ಕೊಡಗಿಗೆ ಹೋಗಿ ಕೇಳಿ, ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅಂತಲೇ ಹೇಳುತ್ತಾರೆ.

ಧಾರವಾಡದಿಂದ ಮತ್ತೆ:
ಜನ ಅಂತಾರೆ ಅಂತ ಎಲ್ಲವನ್ನೂ ಒಳಗೆ ಬಿಟ್ಟುಕೊಂಡೇ ಕನ್ನಡಕ್ಕೆ ಈ ಗತಿ. ದಣ್ಣಾಯಕ ಸಂಸ್ಕೃತ ಅಲ್ಲ, ನಮ್ಮ ಬಾಯಲ್ಲಿ ಪಳಗಿದ ತದ್ಭವ.

ಮೈಸೂರಿನಿಂದ:
ಕರ್ನಲ್ಲೂ ಪಳಗಿದೆ.

ಉತ್ತರ, ಮಂಗಳೂರಿನಿಂದ:
ಕೇಳಿದವರಿಗೆ ನಾಳೆ ಅಚ್ಚು ಇದೆ. ಕಮಿಷನ್‌ಗೆ ಬನ್ನಿ.

‘ಕ್ರಯ’ ಬಳಸಿ. ಮನೆ, ಜಮೀನು ಕೊಂಡವರಿಗೆಲ್ಲ ಕ್ರಯಪತ್ರ ಗೊತ್ತು. ಕಾನೂನು ಪ್ರಕಾರ ಹಣ ಕೊಟ್ಟು ಪಡೆದದ್ದು ಅಂತ ಒಂದೇ ಮಾತಲ್ಲಿ ತಿಳಿಯುತ್ತದೆ, ಲಂಚದ ವಾಸನೆ ಬರೋದಿಲ್ಲ. ಆ ಪದ್ಧತಿಯೂ ಹಾಗೇ ಇತ್ತು. ಕೊಂಡವನು ಸೈನ್ಯ ಬಿಡುವಾಗ ಹುದ್ದೆಯನ್ನು ಮಾರುತ್ತಿದ್ದ, ಆ ದುಡ್ಡೇ ಮುಂದಿನ ಬದುಕಿಗೆ ಆಧಾರ. 1871ರಲ್ಲಿ ನಿಂತುಹೋಯಿತು. ಫಿರಂಗಿ ಪಡೆಯಲ್ಲಿ ಇದು ಇರಲೇ ಇಲ್ಲ.

ಇನ್ನೊಂದು ವಿಷಯ ಫಲಕದಲ್ಲಿ ತಪ್ಪಬಾರದು. ಮಾರಾಟ ಲೆಫ್ಟಿನೆಂಟ್ ಕರ್ನಲ್‌ವರೆಗೆ ಮಾತ್ರ. ವೆಲ್ಲೆಸ್ಲಿ 1796ರಲ್ಲಿ ಕರ್ನಲ್, 1802ರಲ್ಲಿ ಮೇಜರ್ ಜನರಲ್ ಆದದ್ದು ಹಣದಿಂದಲ್ಲ. 1813ರಲ್ಲಿ ಫೀಲ್ಡ್ ಮಾರ್ಷಲ್ ಆದದ್ದು ಸ್ಪೇನಿನ ವಿಟೋರಿಯಾ ಗೆದ್ದದ್ದಕ್ಕೆ. ಎಲ್ಲಕ್ಕೂ ಸೇರಿಸಿ ‘ಕೊಂಡ’ ಅಂದರೆ ಸುಳ್ಳಾಗುತ್ತದೆ.

ಧಾರವಾಡದಿಂದ:
ಕ್ರಯವೂ ಸಂಸ್ಕೃತವೇ. ‘ಕೊಂಡ’ ಸಾಕು, ಅಚ್ಚ ಕನ್ನಡ.

ಕೇಳಿದವರಿಂದ:
ಹೀಗೆ ಕಳಿಸುತ್ತಿದ್ದೇನೆ: ‘ಆಗಿನ ಕಾನೂನಿನಂತೆ ಕ್ರಯ ಕೊಟ್ಟು 1793ರಲ್ಲಿ ಮೇಜರ್, ಬಳಿಕ ಲೆಫ್ಟಿನೆಂಟ್ ಕರ್ನಲ್ ಹುದ್ದೆ ಪಡೆದ. ಮುಂದಿನ ಬಡ್ತಿಗಳು ಸೇವೆಯಿಂದ ಬಂದವು.’ ದರ್ಜೆಗಳು ಇದ್ದಂತೆಯೇ ಇರುತ್ತವೆ.