9ನೇ ಕ್ಲಾಸ್ ಗಣಿತ ಪ್ರಾಜೆಕ್ಟ್: ಚುಕ್ಕಿ ಲೆಕ್ಕದ ಸೂತ್ರ ಸರಿ ಬರುತ್ತಿದೆ, ಆದರೂ ಅರ್ಧದಷ್ಟು ಅಂಕ ಹೋಯಿತು

ತೀರ್ಥಹಳ್ಳಿ_ಅಂಗಳ
ತಲೆ ಕೆಟ್ಟು ಹೋಗಿದೆ. ಮಗಳ ಪ್ರಾಜೆಕ್ಟ್ ರಂಗೋಲಿ ಚುಕ್ಕಿಯ ಮೇಲೆ. ಎಣಿಸಬೇಕು, ಸಾಮಾನ್ಯ ಹೇಳಿಕೆ ಬರೆಯಬೇಕು, ಅದನ್ನು ಸಮರ್ಥಿಸಬೇಕು. ಮೂರು ಸಂಜೆ ಜಗಲಿ ಮೇಲೆ ಅಡಿಕೆ ಜೋಡಿಸಿ ಎಣಿಸಿದೆವು. ಸೂತ್ರ ಸಿಕ್ಕಿತು: ಎನ್² + (ಎನ್−1)². 1ರಿಂದ 6ರವರೆಗೆ ಹಾಕಿ ನೋಡಿದೆವು, ಒಂದೂ ತಪ್ಪಲಿಲ್ಲ. ಪುಸ್ತಕ ವಾಪಸ್ ಬಂದಾಗ ಕೆಂಪು ಶಾಯಿಯಲ್ಲಿ "ಸಮರ್ಥನೆ ಎಲ್ಲಿ?" ಅಂತ ಬರೆದು 10ಕ್ಕೆ 5 ಕೊಟ್ಟಿದ್ದಾರೆ. ಆರು ಸಲವೂ ಸರಿ ಬಂದಿದ್ದೇ ಸಮರ್ಥನೆ ಅಲ್ವಾ? ಸೋಮವಾರ ತಿದ್ದಿ ಕೊಡಬೇಕು. ದಯವಿಟ್ಟು ಯಾರಾದರೂ ಹೇಳಿ.

ಕೊಪ್ಪ_ಕಾಫಿಕಣ
ಸೂತ್ರವೇ ತಪ್ಪು. 7 ಚುಕ್ಕಿ ರಂಗೋಲಿಗೆ 37 ಬರಬೇಕು. 4, 5, 6, 7, 6, 5, 4 ಕೂಡಿಸಿ ನೋಡಿ. ನಿಮ್ಮ ಸೂತ್ರಕ್ಕೆ 7 ಹಾಕಿದರೆ 85 ಬರುತ್ತದೆ.

ತೀರ್ಥಹಳ್ಳಿ_ಅಂಗಳ
85 ಹೇಗೆ? 7 ಚುಕ್ಕಿಗೆ 25. ಕೈಯಾರೆ ಎಣಿಸಿದ್ದೇವೆ.

ಸಾಗರ_ಇಳಿಜಾರು
ಅದೆಲ್ಲ ಆಮೇಲೆ. ಇಂಥ ಲೆಕ್ಕಕ್ಕೆ ವ್ಯತ್ಯಾಸದ ಪಟ್ಟಿ ಹಾಕಿ. 1, 5, 13, 25, 41. ನಡುವಿನ ವ್ಯತ್ಯಾಸ 4, 8, 12, 16. ಆ ವ್ಯತ್ಯಾಸಗಳ ವ್ಯತ್ಯಾಸ ಯಾವಾಗಲೂ 4. ಅಂದರೆ ವರ್ಗದ ಸೂತ್ರ. ಸಮರ್ಥನೆ ಮುಗಿಯಿತು. ನಾನು ನಿಮ್ಮ ಸೂತ್ರವನ್ನು ಸ್ಪ್ರೆಡ್‌ಶೀಟ್‌ನಲ್ಲಿ 200ರ ತನಕ ಎಳೆದು ನೋಡಿದೆ, ಎಲ್ಲಾ ಕಡೆ 4 ಬಂತು.

ಶಿವಮೊಗ್ಗ_ಸೀಮೆಸುಣ್ಣ
ನೀವು 200ರ ತನಕ ಎಳೆದದ್ದು ಅದೇ ಸೂತ್ರದಿಂದ. ಸೂತ್ರವನ್ನು ಸೂತ್ರದಿಂದಲೇ ಪರೀಕ್ಷೆ ಮಾಡಿದ ಹಾಗಾಯಿತು. ಚುಕ್ಕಿ ಎಣಿಸಿದ್ದು ಆ ಹುಡುಗಿ ಮಾತ್ರ, ಅದೂ ಆರರ ತನಕ.

ವೃತ್ತದ ಮೇಲೆ ಬಿಂದು ಇಟ್ಟು, ಪ್ರತಿ ಎರಡನ್ನೂ ಗೆರೆಯಿಂದ ಸೇರಿಸಿ. ಮೂರು ಗೆರೆ ಒಳಗೆ ಒಂದೇ ಕಡೆ ಸೇರಬಾರದು. ಬಿಂದು 1ರಿಂದ 5 ಆದಾಗ ತುಂಡುಗಳು 1, 2, 4, 8, 16. ಆರಕ್ಕೆ 32 ಅಂತ ಯಾರಾದರೂ ಬರೆಯುತ್ತಾರೆ. ಎಣಿಸಿದರೆ 31.

ಸಾಗರ_ಇಳಿಜಾರು
ಅದು ದುಪ್ಪಟ್ಟಾಗುವ ಸರಣಿ. ಇಲ್ಲಿ ಎರಡನೇ ವ್ಯತ್ಯಾಸ ಸ್ಥಿರ. ಎರಡೂ ಬೇರೆ ವಿಷಯ.

ಶಿವಮೊಗ್ಗ_ಸೀಮೆಸುಣ್ಣ
ಸ್ಥಿರ ಅಂತ ಗೊತ್ತಾದದ್ದು ಎಣಿಸಿದಷ್ಟಕ್ಕೆ ಮಾತ್ರ. ಎನ್² + ಎನ್ + 41 ತೆಗೆದುಕೊಳ್ಳಿ. 0ಯಿಂದ 39ರ ತನಕ ಪ್ರತಿ ಸಲವೂ ಅವಿಭಾಜ್ಯ ಸಂಖ್ಯೆಯೇ ಬರುತ್ತದೆ. 40 ಸಲ ಸರಿ! 40 ಹಾಕಿ, 1681 ಬರುತ್ತದೆ. ಅದು 41×41.

ಸಾಗರ_ಇಳಿಜಾರು
ಒಂಬತ್ತನೇ ಕ್ಲಾಸಿನ ಮಗುವಿಗೆ ಇಷ್ಟು ಸಾಕು ಅಂತ ನಾನು ಈಗಲೂ ಹೇಳುತ್ತೇನೆ. ನಮ್ಮ ಮನೆಯಲ್ಲಿ ಎರಡು ಮಾನಿಟರ್ ಇಟ್ಟಿದ್ದೇನೆ. ಒಂದರಲ್ಲಿ ಜಿಯೋಜೀಬ್ರಾ ಅನ್ನುವ ಗಣಿತದ ಸಾಫ್ಟ್‌ವೇರ್, ಇನ್ನೊಂದರಲ್ಲಿ ಶೀಟ್. ಸ್ಲೈಡರ್ ಎಳೆದರೆ ಚುಕ್ಕಿ ತಾನಾಗಿ ಬೆಳೆಯುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದರೂ ಯುಪಿಎಸ್ ಎರಡು ಗಂಟೆ ತಡೆಯುತ್ತದೆ. ಬೇಕಾದರೆ ಫೈಲ್ ಕಳಿಸುತ್ತೇನೆ.

ಹೊಸನಗರ_ಹಂಡೆ
ಯುಪಿಎಸ್ ಯಾವುದು? ನಮ್ಮದು ಅರ್ಧ ಗಂಟೆಗೇ ನಿಲ್ಲುತ್ತದೆ.

ಕೊಪ್ಪ_ಕಾಫಿಕಣ
37ಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನಮ್ಮ ಅತ್ತೆ 15ರಿಂದ 8ರ ತನಕ ಹಾಕುತ್ತಾರೆ, ಒಟ್ಟು 169. ಪ್ರತಿ ದೀಪಾವಳಿಗೆ ಎಣಿಸಿದ್ದೇನೆ.

ಶಿವಮೊಗ್ಗ_ಸೀಮೆಸುಣ್ಣ
ಕೊಪ್ಪದವರೇ, ನಿಮ್ಮದು ಸಂದು ಚುಕ್ಕಿ. ಎರಡು ಚುಕ್ಕಿಯ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರುತ್ತದೆ. ಅವರದು ನೇರ ಚುಕ್ಕಿ ಇರಬೇಕು: 1, 3, 5, 7, 5, 3, 1. ಅಂಗಳದವರೇ, ಹೌದಾ? ಇದನ್ನು ಪ್ರಾಜೆಕ್ಟ್‌ನಲ್ಲಾದರೂ ಬರೆದಿದ್ದೀರಾ?

ತೀರ್ಥಹಳ್ಳಿ_ಅಂಗಳ
ಹೌದು, ನೇರ. ಬರೆದಿಲ್ಲ. ನಮ್ಮ ಮನೆಯಲ್ಲಿ ಹಾಕುವುದೇ ಅದು, ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡೆವು. ಎನ್ ಅಂದರೆ ಮೇಲಿನಿಂದ ನಡುವಿನ ಸಾಲಿನ ತನಕ ಎಷ್ಟು ಸಾಲು ಅಂತ. 7 ಚುಕ್ಕಿಗೆ ಎನ್ 4.

ಶಿವಮೊಗ್ಗ_ಸೀಮೆಸುಣ್ಣ
ಮೊದಲು ಅದನ್ನು ಬರೆಯಿರಿ. ಎನ್ ಯಾವುದು, ಯಾವ ಜೋಡಣೆ ಅಂತ ಹೇಳದಿದ್ದರೆ ಹೇಳಿಕೆಗೆ ಅರ್ಥವೇ ಇಲ್ಲ. ಕೊಪ್ಪದವರು 7 ಹಾಕಿ 85 ತಂದದ್ದು ಅದಕ್ಕೇ.

ಈಗ ಸಮರ್ಥನೆ. ಅದು ಪಟ್ಟಿಯಲ್ಲಿ ಸಿಗುವುದಿಲ್ಲ, ಚುಕ್ಕಿ ಇಟ್ಟ ಕ್ರಮದಲ್ಲೇ ಇದೆ. ಮೇಲಿನಿಂದ ನಡುವಿನ ಸಾಲಿನ ತನಕ 1+3+5+7, ಅಂದರೆ 16. ಕೆಳಗೆ ಉಳಿದದ್ದು 5+3+1, ಅಂದರೆ 9. ಮೊದಲ ಎನ್ ಬೆಸ ಸಂಖ್ಯೆಗಳ ಮೊತ್ತ ಎನ್² ಅಂತ ಹತ್ತನೇ ತರಗತಿಯ ಸಮಾಂತರ ಶ್ರೇಢಿಯಲ್ಲಿ ಸಾಧಿಸುತ್ತಾರೆ. ಮೇಲೆ ಎನ್ ಸಾಲು, ಕೆಳಗೆ ಎನ್−1 ಸಾಲು. ಎನ್ ಎಷ್ಟಾದರೂ ಇದು ಬದಲಾಗುವುದಿಲ್ಲ.

ಅವಳು ಇನ್ನೂ ಒಂಬತ್ತನೇ ಕ್ಲಾಸ್ ಅಲ್ವಾ, ಹಾಗಾಗಿ ನನಗೆ ಜಾಸ್ತಿ ಇಷ್ಟವಾಗುವ ದಾರಿ ಬೇರೆ. ಅಡಿಕೆ ಹೇಗೂ ಇದೆ. ಹೊರಗಿನ ಸುತ್ತಿಗೆ ಚಾಲಿ (ಬಿಳಿ ಅಡಿಕೆ) ಇಡಿ, ಅದರ ಒಳಗಿನ ಸುತ್ತಿಗೆ ಕೆಂಪಡಿಕೆ, ಮತ್ತೆ ಚಾಲಿ, ನಡುವೆ ಒಂದು ಕೆಂಪು. ಚಾಲಿ 12+4, ಕೆಂಪು 8+1. ಈಗ ಮೂಲೆ ಕಡೆಯಿಂದ ಓರೆಯಾಗಿ ನೋಡಿ. ಚಾಲಿ 4ಕ್ಕೆ 4ರ ಚೌಕವಾಗಿ ನಿಂತಿರುತ್ತದೆ, ಅದರ ಸಂದುಗಳಲ್ಲಿ ಕೆಂಪು 3ಕ್ಕೆ 3ರ ಚೌಕ. ಸೂತ್ರದ ಎರಡು ವರ್ಗಗಳು ಕಣ್ಣೆದುರಿಗೇ ಇರುತ್ತವೆ.

ಬೆಂಗಳೂರು_ಮಲೆನಾಡಿಗ
ನನ್ನ ತಂಗಿಯ ಮಗ ಇಲ್ಲಿ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯಟ್) ಪಠ್ಯಕ್ರಮದ ಮಿಡಲ್ ಇಯರ್ಸ್ ಓದುತ್ತಾನೆ. ಅಲ್ಲಿ ಮಾದರಿ ಹುಡುಕುವುದಕ್ಕೇ 8 ಅಂಕದ ಒಂದು ಮಾನದಂಡವಿದೆ. ಮೇಲಿನ ಅಂಕ ಬೇಕಾದರೆ ನಿಯಮವನ್ನು ಸಾಧಿಸಬೇಕು, ಇಲ್ಲವೇ ಪರೀಕ್ಷಿಸಿ ಸಮರ್ಥಿಸಬೇಕು. ಸುಮ್ನೆ ಪರೀಕ್ಷಿಸಿದರೆ ಅಲ್ಲಿಗೆ ಏರುವುದಿಲ್ಲ.

ಸಾಗರ_ಇಳಿಜಾರು
ಹಾಗಾದರೆ ನನ್ನ 4ಕ್ಕೆ ಬೆಲೆಯೇ ಇಲ್ಲವಾ?

ಶಿವಮೊಗ್ಗ_ಸೀಮೆಸುಣ್ಣ
ಇದೆ, ಆ 4 ಎಲ್ಲಿಂದ ಬಂತು ಅಂತ ಹೇಳಿದರೆ. ರಂಗೋಲಿಗೆ ಒಂದು ಸುತ್ತು ಸೇರಿಸಿ. ಹೊರಗೆ ನಾಲ್ಕು ಬದಿ. 13ರಿಂದ 25ಕ್ಕೆ ಹೋಗುವಾಗ ಬದಿಗೆ ಮೂರರಂತೆ 12. ಮುಂದಿನ ಸುತ್ತಿಗೆ ಬದಿಗೆ ನಾಲ್ಕು. ಬದಿಗೆ ಒಂದೊಂದು ಹೆಚ್ಚುತ್ತದೆ, ಬದಿಗಳು ನಾಲ್ಕು. ಇಷ್ಟು ಬರೆದರೆ ನಿಮ್ಮ ಪಟ್ಟಿಯೂ ಸಮರ್ಥನೆಯೇ.

ಸಾಗರ_ಇಳಿಜಾರು
ಒಪ್ಪಿದೆ. ಇದನ್ನು ಫೈಲ್‌ಗೆ ಸೇರಿಸುತ್ತೇನೆ, ಸುತ್ತಿಗೊಂದು ಬಣ್ಣ.

ಕೊಪ್ಪ_ಕಾಫಿಕಣ
ಸಂದು ಚುಕ್ಕಿಗೂ ಸುತ್ತು ಹಿಡಿದೆ: 1+6+12+18, ಸರಿಯಾಗಿ 37. ಇದಕ್ಕೆ ಬೇರೆ ಚರ್ಚೆ ಶುರು ಮಾಡುತ್ತೇನೆ, ಅಲ್ಲಿಗೆ ಬನ್ನಿ.

ಹೊಸನಗರ_ಹಂಡೆ
ಯುಪಿಎಸ್ ಹೆಸರು ಇನ್ನೂ ಹೇಳಲಿಲ್ಲ.

ತೀರ್ಥಹಳ್ಳಿ_ಅಂಗಳ
ನಮ್ಮಲ್ಲಿ ಚಾಲಿ ಮಾಡುವುದಿಲ್ಲ, ಅವರೆಕಾಳು ಇಟ್ಟೆವು. ಓರೆಯಾಗಿ ನೋಡಿದ ತಕ್ಷಣ ಮಗಳು "ಅಮ್ಮಾ, ಚೌಕ!" ಅಂತ ಕೂಗಿದಳು. ಎರಡು ಪುಟ ಅವಳೇ ಬರೆದಳು. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಈಗ ಅವಳು 2, 4, 6, 4, 2 ಜೋಡಿಸಿದ್ದಾಳೆ. 18 ಬರುತ್ತಿದೆ. ನಮ್ಮ ಸೂತ್ರ ಇದಕ್ಕೆ ಹೊಂದುತ್ತಿಲ್ಲ. ಅಡಿಕೆ ತೆಗೆಯಲು ಬಿಡುತ್ತಿಲ್ಲ.